ಕಯೊಳ ಅಪ್ಪ ಸತ್ತ ತಿಂಗಳು

ಶಿಯೋಮಿ ಕಯೊ ಎಂಬ ಹೆಸರನ್ನು ಇಟ್ಟವನು ನಾನು. ಅದಕ್ಕೆ ಮೊದಲು ಅವಳು ತೊಗಾಶಿ ಯಸುಯೊ. ಸಕಾತಾ ಪಟ್ಟಣದಿಂದ ಇನ್ನೂ ಉತ್ತರಕ್ಕೆ, ಚೋಕಾಯ್ ಬೆಟ್ಟದ ತಪ್ಪಲು ಸಮುದ್ರಕ್ಕೆ ಇಳಿಯುವ ಕಡೆ ಇರುವ ಇಸೊಮುರ ಎಂಬ ಮೀನುಗಾರರ ಊರಿನ ಹುಡುಗಿ. 1956ರಲ್ಲಿ ಸೆಂದಾಯ್‌ನಲ್ಲಿ ನಡೆದ ಹಾಡಿನ ಸ್ಪರ್ಧೆಯಲ್ಲಿ ಅವಳು ಎರಡನೆಯ ಬಹುಮಾನ ಪಡೆದಳು. ಮೊದಲನೆಯ ಬಹುಮಾನ ಬಂದ ಹುಡುಗಿಯನ್ನು ಸಿನಿಮಾಕ್ಕೆ ಕಳಿಸಲು ಅವಳಪ್ಪ ಒಪ್ಪಲಿಲ್ಲ. ಎರಡನೆಯವಳ ಅಪ್ಪ ಒಪ್ಪಿದರು. ಹೀಗೆ ಅವಳು ಹದಿನೇಳನೇ ವಯಸ್ಸಿಗೆ ಟೋಕಿಯೋದ ನಮ್ಮ ಸ್ಟುಡಿಯೋಗೆ ಬಂದಳು. ನನಗಾಗ ಇಪ್ಪತ್ತಾರು. ಪ್ರಚಾರ ವಿಭಾಗದಲ್ಲಿ ಕೆಲಸ. ಹೊಸಬರಿಗೆ ಹೆಸರು ಹುಡುಕುವುದು, ಅವರ ಜನ್ಮವೃತ್ತಾಂತ ಬರೆಯುವುದು, ಪತ್ರಕರ್ತರು ಬಂದಾಗ ಪಕ್ಕದಲ್ಲಿ ಕೂರುವುದು, ಇದೇ ನನ್ನ ದಿನಚರಿ.

ಅವಳ ದನಿ ಇಂಪಾದದ್ದು ಅನ್ನುವಂತಿರಲಿಲ್ಲ. ಸ್ವಲ್ಪ ತಗ್ಗಿದ ದನಿ. ಸಾಲಿನ ಕೊನೆಗೆ ಬರುವಾಗ ಉಸಿರು ತೀರಿಹೋಯಿತೇನೋ ಅನ್ನಿಸಿ, ಮತ್ತೆ ಎಲ್ಲಿಂದಲೋ ಎದ್ದು ಮುಂದುವರಿಯುತ್ತಿತ್ತು. ದೂರದಲ್ಲಿರುವ ಯಾರನ್ನೋ ಕೂಗುವ ಹಾಗೆ ಹಾಡುತ್ತಾಳೆ ಎಂದು ನಮ್ಮ ಸಂಗೀತ ನಿರ್ದೇಶಕರು ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಅವಳಿಗೆ ಐದು ವರ್ಷವಾಗಿದ್ದಾಗ ತಾಯಿ ಎದೆಯ ಕಾಯಿಲೆಯಿಂದ ತೀರಿಕೊಂಡಿದ್ದಳು. ಅಪ್ಪ ಗೆನ್‌ಕಿಚಿ ಮತ್ತೆ ಮದುವೆಯಾಗಲಿಲ್ಲ. ಸಮುದ್ರಕ್ಕೆ ಹೋಗುವಾಗ ಮಗಳನ್ನು ಪಕ್ಕದ ಮನೆಯಲ್ಲಿದ್ದ ತಂಗಿ ಒತಾಕಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ದೋಣಿ ತಿರುಗಿ ಬರುವುದು ಕಂಡರೆ ಈ ಮಗು ಕಲ್ಲುಕಟ್ಟೆಯ ಮೇಲೆ ನಿಂತು ಕೂಗುತ್ತಿತ್ತಂತೆ. ಗೆನ್‌ಕಿಚಿ ಮೀನು ಇಳಿಸುವ ಮೊದಲು ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಜಡೆ ಹೆಣೆಯುವುದನ್ನು ಒತಾಕಿಯಿಂದ ಕಲಿತಿದ್ದರು. ಬಲೆ ಹೆಣೆಯುವ ಕೈಯಾದ್ದರಿಂದ ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ರಾತ್ರಿ ತಲೆ ನೋಯುತ್ತಿತ್ತು ಎಂದು ಅವಳು ನಗುತ್ತ ಹೇಳಿದ್ದಳು. ಇದನ್ನೆಲ್ಲ ಅವಳು ನನಗೆ ಮೊದಲ ವಾರದಲ್ಲೇ ಹೇಳಿದ್ದಳು. ನಾನು ಬರೆದುಕೊಂಡೂ ಇದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಮೊದಲ ಎರಡು ಚಿತ್ರಗಳಲ್ಲಿ ಅವಳು ಬಸ್ ಕಂಡಕ್ಟರ್ ಆದಳು, ಚಹಾ ಅಂಗಡಿಯ ಹುಡುಗಿಯಾದಳು. ಎರಡರಲ್ಲೂ ಸೇರಿ ಮೂರು ಮಾತು. ಮೂರನೆಯ ಚಿತ್ರದಲ್ಲಿ ಕಡಲಲ್ಲಿ ಕಣ್ಮರೆಯಾದ ತಂದೆಗಾಗಿ ಹಡಗುಕಟ್ಟೆಯಲ್ಲಿ ಕಾಯುವ ಮಗಳ ಪಾತ್ರ ಸಿಕ್ಕಿತು, ಒಂದು ಹಾಡೂ ಸಿಕ್ಕಿತು. 1957ರ ಶರತ್ಕಾಲ. ಚಿತ್ರ ಬಿಡುಗಡೆಯಾಗುವ ಮೂರು ವಾರ ಮೊದಲು ಒಂದು ಮಹಿಳಾ ಮಾಸಿಕದ ವರದಿಗಾರ್ತಿ ಬಂದರು. ಸ್ಟುಡಿಯೋದ ಕ್ಯಾಂಟೀನಿನಲ್ಲಿ ಕೂತೆವು. ಇಷ್ಟು ಭಾವ ತುಂಬಿ ಹಾಡುತ್ತೀರಲ್ಲ, ನೀವೂ ಸಮುದ್ರದಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದೀರಾ ಎಂದು ಆಕೆ ಕೇಳಿದರು. ಕಯೊ ಉತ್ತರ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಮಾತಾಡಿದೆ.

"ಅವಳ ತಂದೆ. ಚಳಿಗಾಲದಲ್ಲಿ ಸಮುದ್ರಕ್ಕೆ ಹೋದವರು ವಾಪಸ್ ಬರಲಿಲ್ಲ. ದಯವಿಟ್ಟು ಅದನ್ನ ಅವಳ ಬಾಯಿಂದ ಹೇಳಿಸಬೇಡಿ."

ಕೊನೆಯ ವಾಕ್ಯದ ಬಗ್ಗೆ ನನಗೆ ಆಗ ಹೆಮ್ಮೆಯೆನಿಸಿತು. ಒಂದೇ ಏಟಿಗೆ ಮುಂದಿನ ಪ್ರಶ್ನೆಗಳಿಗೆಲ್ಲ ಬಾಗಿಲು ಹಾಕಿದ ವಾಕ್ಯ ಅದು. ಕಯೊ ತಲೆ ತಗ್ಗಿಸಿದಳು. ವರದಿಗಾರ್ತಿ ಅದನ್ನು ದುಃಖವೆಂದು ತಿಳಿದು ಕಣ್ಣೊರೆಸಿಕೊಂಡರು.

ಆಕೆ ಹೋದ ಮೇಲೆ ಕಯೊ ನನ್ನನ್ನು ಕೇಳಿದ್ದು ಒಂದೇ: ಅಪ್ಪ ಇದನ್ನು ಓದಿದರೆ? ಪಟ್ಟಣದ ಹೆಂಗಸರು ಓದುವ ಪತ್ರಿಕೆ, ನಿಮ್ಮೂರಿಗೆ ಬರುವುದಿಲ್ಲ, ನಿಮ್ಮ ತಂದೆಗೆ ಓದಲೂ ಬರುವುದಿಲ್ಲವಲ್ಲ, ಮುಂದಿನ ತಿಂಗಳಿಗೆ ಎಲ್ಲರೂ ಮರೆಯುತ್ತಾರೆ ಎಂದೆ. ನಮ್ಮ ವಿಭಾಗದ ಮುಖ್ಯಸ್ಥ ಮೊಮೊಸೆ, ಇದು ನಿಜವಾ ಎಂದು ಕೇಳಿದರು. ಇನ್ನು ಮುಂದೆ ನಿಜ ಎಂದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು.

ಯಾರೂ ಮರೆಯಲಿಲ್ಲ. ಆ ಚಳಿಗಾಲ ಕ್ಷೌರದಂಗಡಿಗಳಲ್ಲಿ, ಸಾರ್ವಜನಿಕ ಸ್ನಾನದ ಮನೆಗಳ ಮುಂದೆ, ರೈಲು ನಿಲ್ದಾಣದ ಧ್ವನಿವರ್ಧಕಗಳಲ್ಲಿ ಅದೇ ಹಾಡು. ಇದು ಅಪ್ಪನನ್ನು ಕಳೆದುಕೊಂಡ ಹುಡುಗಿಯ ಹಾಡು ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಮುಂದಿನ ಚಿತ್ರದ ಭಿತ್ತಿಪತ್ರದಲ್ಲಿ ಅವಳ ಹೆಸರು ಮೇಲೆ ಬಂತು.

ಫೆಬ್ರವರಿಯ ಒಂದು ಬೆಳಿಗ್ಗೆ ಗೇಟಿನ ಕಾವಲುಗಾರ ಫೋನ್ ಮಾಡಿದ. ಶಿಯೋಮಿ ಕಯೊಳ ಅಪ್ಪ ಅಂತ ಯಾರೋ ಬಂದಿದ್ದಾರೆ, ತಲೆ ಕೆಟ್ಟವನಿರಬೇಕು, ಓಡಿಸಿಬಿಡಲಾ ಎಂದು ಕೇಳಿದ. ನಾನು ಓಡಿಹೋದೆ. ದಪ್ಪ ಹತ್ತಿಯ ಕೋಟು ತೊಟ್ಟ, ಐವತ್ತರ ಆಸುಪಾಸಿನ ಗಿಡ್ಡ ಮನುಷ್ಯ, ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ಮಂಜು ಕರಗಿದ ಕೆಸರಿನಲ್ಲಿ ನಿಂತಿದ್ದರು. ರಾತ್ರಿಯಿಡೀ ರೈಲಿನಲ್ಲಿ ಬಂದಿದ್ದರು. ನನ್ನನ್ನು ಕಂಡೊಡನೆ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಎದುರಿನ ಶಾವಿಗೆ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಬೈಯಲಿ, ಹೊಡೆಯಲಿ ಎಂದು ಮನಸ್ಸಿನಲ್ಲೇ ಸಿದ್ಧನಾಗಿದ್ದೆ. ಅವರು ಮಗಳನ್ನು ನೋಡಿಕೊಳ್ಳುತ್ತಿದ್ದೀರಿ, ದೊಡ್ಡ ಉಪಕಾರ ಎಂದರು. ಆಮೇಲೆ ಎದೆಯ ಜೇಬಿನಿಂದ ನಾಲ್ಕಾಗಿ ಮಡಚಿದ ಪತ್ರಿಕೆಯ ಹಾಳೆ ತೆಗೆದರು. ಊರಿನ ಶಾಲೆಯ ಮೇಷ್ಟ್ರು ಅದನ್ನು ಅವರಿಗೆ ಓದಿ ಹೇಳಿದ್ದರು.

"ಒಂದ್ ಮಾತು ಕೇಳ್ಬೇಕಿತ್ತು," ಎಂದರು. "ನಾನು ಯಾವ್ ತಿಂಗ್ಳಲ್ಲಿ ಸತ್ತಿದ್ದು?"

ಶಾವಿಗೆ ತಿನ್ನುವ ಕಡ್ಡಿಗಳನ್ನು ಬಟ್ಟಲ ಮೇಲಿಟ್ಟೆ. ಜನವರಿ ಎಂದು ಬರೆಸಿದ್ದೆ ಎಂದೆ.

"ಮೇಷ್ಟ್ರೂ ಹಂಗೇ ಅಂದ್ರು. ಅದೇ ತೊಂದ್ರೆ ನೋಡಿ. ಜನವರೀಲಿ ನಮ್ ಕಡೆ ದೋಣಿ ದಡಕ್ಕೆಳ್ದು ಹಗ್ಗ ಬಿಗ್ದು ಬಿಟ್ಟಿರ್ತೀವಿ. ನಂದು ಸಣ್ ದೋಣಿ. ಆಗ ಅದನ್ನ ನೀರಿಗಿಳ್ಸೋನು ಹುಚ್ಚ. ಮೀನು ಹಿಡಿಯೋರು ಯಾರಾದ್ರೂ ಓದಿದ್ರೆ ನಗ್ತಾರೆ. ನನ್ನ ನೋಡಿ ನಕ್ರೆ ನಗ್ಲಿ, ಅವ್ಳನ್ನ ನೋಡಿ ನಗ್ತಾರಲ್ಲ."

ನವೆಂಬರ್ ಅಂತ ಮಾಡಿ ಎಂದರು. ನವೆಂಬರಿನಲ್ಲಿ ಗಾಳಿ ಇದ್ದಕ್ಕಿದ್ದಂತೆ ತಿರುಗುತ್ತದೆ, ನುರಿತವರೂ ಸಿಕ್ಕಿಬೀಳುವುದುಂಟು ಎಂದು ವಿವರಿಸಿದರು. ನಾನು ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡೆ. ಒಬ್ಬ ಮನುಷ್ಯ ತನ್ನ ಸಾವನ್ನು ತಿದ್ದಿ ಹೇಳುತ್ತಿದ್ದಾರೆ, ನಾನು ಬರೆದುಕೊಳ್ಳುತ್ತಿದ್ದೇನೆ. ದೋಣಿಯಲ್ಲಿ ಜೊತೆಗೆ ಯಾರಿದ್ದರು ಎಂದು ಹಾಕೋಣ ಎಂದೂ ಕೇಳಿದೆ. ಅದು ನನ್ನ ಕಸುಬಿನ ಚಾಳಿ.

"ಒಬ್ಬನೇ ಅನ್ನಿ. ಇನ್ನೊಬ್ರ ಮನೇಗೆ ಯಾಕ್ ಸೂತಕ ತರೋದು," ಎಂದು ನಕ್ಕರು.

ಮಗಳನ್ನು ನೋಡಬೇಕೇ ಎಂದೆ. ಪಕ್ಕದಲ್ಲಿ ಕಂಡರೆ ಜನ ಯಾರೆಂದು ಕೇಳುತ್ತಾರೆ, ದೂರದಿಂದ ಸಾಕು ಎಂದರು. ಚಿತ್ರೀಕರಣದ ಜಾಗದಲ್ಲಿ, ಸೆಟ್ ಕಟ್ಟುವ ಬಡಗಿಗಳ ಗುಂಪಿನಲ್ಲಿ, ದೀಪಗಳ ಹಿಂದೆ ಅವರನ್ನು ನಿಲ್ಲಿಸಿದೆ. ಕಯೊ ಛತ್ರಿ ಹಿಡಿದು ಕುಣಿಯುವ ದೃಶ್ಯ. ಒಂಬತ್ತು ಸಲ ತೆಗೆದರು. ದೀಪಗಳ ಝಳದಲ್ಲಿ ಅವಳಿಗೆ ಈಚೆ ಕಡೆ ಏನೂ ಕಾಣುತ್ತಿರಲಿಲ್ಲ. ಒಂಬತ್ತೂ ಸಲ ಗೆನ್‌ಕಿಚಿ ಕಣ್ಣು ಮಿಟುಕಿಸದೆ ನೋಡಿದರು. ಕೈ ಸಣ್ಣಗಾಗಿದೆ, ಸರಿಯಾಗಿ ಊಟ ಮಾಡುತ್ತಾಳಾ ಎಂದು ನನ್ನನ್ನು ಕೇಳಿ, ಮಧ್ಯಾಹ್ನದ ರೈಲಿಗೆ ಹೊರಟರು. ಗಂಟಿನಲ್ಲಿ ಒಣಮೀನಿತ್ತು. ಸಂಜೆ ಅದನ್ನು ಕಯೊಗೆ ಕೊಟ್ಟೆ. ಅಂಚೆಯಲ್ಲಿ ಬಂತು ಎಂದೆ.

ಮುಂದಿನ ವರ್ಷ ಒಂದು ಚಿತ್ರಪತ್ರಿಕೆಯವರಿಗೆ ಅವಳ ಹುಟ್ಟೂರಿನ ಫೋಟೊಗಳು ಬೇಕಾದವು. ಅಪ್ಪನ ಸಮಾಧಿಯ ಮುಂದೆ ಕೈಮುಗಿದು ನಿಂತ ಚಿತ್ರ ಮುಖ್ಯವಾಗಿ ಬೇಕಿತ್ತು. ನಮ್ಮಲ್ಲಿ ಸತ್ತ ಹೆಂಡತಿಗೆ ಸಮಾಧಿಯ ಕಲ್ಲು ನಿಲ್ಲಿಸುವಾಗ ಕೆಲವರು ಬದುಕಿರುವ ಗಂಡನ ಹೆಸರನ್ನೂ ಜೊತೆಗೆ ಕೆತ್ತಿಸಿ, ಅದಕ್ಕೆ ಕೆಂಪು ಬಣ್ಣ ತುಂಬಿಸುತ್ತಾರೆ. ಅವನು ಸತ್ತ ದಿನ ಕೆಂಪು ತೆಗೆಯುತ್ತಾರೆ. ಗೆನ್‌ಕಿಚಿಯ ಹೆಸರು ಹಾಗೆ ಕೆಂಪಾಗಿ ಕಯೊಳ ತಾಯಿಯ ಕಲ್ಲಿನ ಮೇಲಿತ್ತು. ನಾನು ಒಂದು ದಿನ ಮುಂಚೆ ಹೋಗಿದ್ದೆ. ಹೇಗೆ ಕೇಳುವುದೆಂದು ತೊಳಲಾಡುತ್ತ ಸಮಾಧಿಗಳಿದ್ದ ಗುಡ್ಡ ಹತ್ತಿದರೆ, ಅವರೇ ಅಲ್ಲಿ ಮೊಣಕಾಲೂರಿ ಕೂತು, ಮೀನು ಸೀಳುವ ಚೂರಿಯ ತುದಿಯಿಂದ ತಮ್ಮ ಹೆಸರಿನ ಬಣ್ಣ ಕೆರೆಯುತ್ತಿದ್ದರು. ಒಂದೊಂದು ಗೆರೆಯನ್ನೂ ಊದಿ ಊದಿ ಸ್ವಚ್ಛ ಮಾಡುತ್ತಿದ್ದರು.

ಆಮೇಲೆ ಫೋಟೊದವರು ಇದ್ದ ಎರಡು ದಿನ ಅವರು ಬಲೆ ಇಡುವ ಕೊಟ್ಟಿಗೆಯೊಳಗೆ ಬಾಗಿಲು ಹಾಕಿಕೊಂಡು ಕೂತರು. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು. ಒತಾಕಿ ಒಬ್ಬಳೇ ನನ್ನನ್ನು ಸುಮ್ಮನೆ ಬಿಡಲಿಲ್ಲ. ಕಾಡ್ ಎಂಬ ಕಡಲಮೀನಿನ ಸಾರಿನ ಪಾತ್ರೆ ಹಿಡಿದು ಕೊಟ್ಟಿಗೆಯತ್ತ ಹೋಗುತ್ತಿದ್ದವಳು ನನ್ನ ಮುಂದೆ ನಿಂತಳು.

"ಸತ್ತೋನಿಗೆ ಎಡೆ ಇಟ್ಟು ಬರ್ತೀನಿ. ಮನೆಯೋರ್ ಥರ ಎಲ್ಲಾ ನೀವೇ ನಡೆಸ್ತಿದೀರಲ್ಲ, ಬನ್ನಿ, ಒಂದ್ ತುತ್ತು ನೀವೂ ಇಡಿ."

ಫೋಟೊಗ್ರಾಫರ್ ಊಟಕ್ಕೆ ಹೋದಾಗ ಕಯೊ ಅರ್ಧ ಗಂಟೆ ಕೊಟ್ಟಿಗೆಯೊಳಗಿದ್ದು ಬಂದಳು. ಕಿಮೋನೋ ತುಂಬ ಬಲೆಯ ನಾರು ಅಂಟಿತ್ತು. ಅದನ್ನು ನಾನು ಒಂದೊಂದಾಗಿ ಬಿಡಿಸಿದೆ. ಟೋಕಿಯೋಗೆ ಮರಳುವ ರೈಲಿನಲ್ಲಿ ಅವಳು, ಹೋದ ವರ್ಷ ಅಪ್ಪ ಸ್ಟುಡಿಯೋಗೆ ಬಂದಿದ್ದರಂತೆ, ನೀವು ಮೀನು ಅಂಚೆಯಲ್ಲಿ ಬಂತು ಅಂದಿರಿ ಎಂದಳು. ನಾನು ಜೇಬಿನಲ್ಲಿ ಟಿಕೆಟ್ಟು ಹುಡುಕತೊಡಗಿದೆ. ಅವಳು ಮತ್ತೆ ಕೇಳಲಿಲ್ಲ.

ಮುಂದಿನ ಐದು ವರ್ಷ ಅವಳದೇ. ಇಪ್ಪತ್ತಮೂರು ಚಿತ್ರಗಳು, ನಲವತ್ತಕ್ಕೂ ಹೆಚ್ಚು ಹಾಡುಗಳು. ಒಂದು ಚಿತ್ರದಲ್ಲಿ ಹಾಡೇ ಇಲ್ಲದೆ ರೇಷ್ಮೆ ಕಾರ್ಖಾನೆಯ ಹೆಣ್ಣಾಗಿ ನಟಿಸಿ, ಇವಳಿಗೆ ನಟನೆ ಬರುವುದಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದಳು. ಅದಕ್ಕೆ ಪ್ರಶಸ್ತಿ ಬಂತು. ಅವಳಪ್ಪ ಸತ್ತ ತಿಂಗಳೆಂದು ಪ್ರತಿ ನವೆಂಬರಿನಲ್ಲಿ ಅವಳಿಗೆ ಗೋಣಿಗಟ್ಟಲೆ ಪತ್ರ ಬರುತ್ತಿದ್ದವು. ಕಡಲಿನಲ್ಲಿ ಗಂಡನನ್ನು, ಮಗನನ್ನು, ಅಪ್ಪನನ್ನು ಕಳೆದುಕೊಂಡ ಹೆಂಗಸರು ಬರೆಯುತ್ತಿದ್ದರು. ಉತ್ತರದ ನಕಲುಗಳನ್ನು ಅಚ್ಚು ಹಾಕಿಸಿ ಕಳಿಸೋಣ ಎಂದು ನಾನು ಹೇಳಿದ್ದೆ. ಅವಳು ಒಪ್ಪಲಿಲ್ಲ. ಚಿತ್ರೀಕರಣದ ಬಿಡುವಿನಲ್ಲಿ ಕೂತು ಪ್ರತಿಯೊಂದಕ್ಕೂ ಕೈಯಿಂದಲೇ ಬರೆಯುತ್ತಿದ್ದಳು. ಅದು ಶಿಕ್ಷೆಯೆಂದುಕೊಂಡು ಬರೆಯುತ್ತಿದ್ದಳೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಈ ನಡುವೆ ನಾನು ವಿಭಾಗದ ಉಪಮುಖ್ಯಸ್ಥನಾದೆ. ಮದುವೆಯಾಯಿತು. ಹೆಣ್ಣು ಮಗು ಹುಟ್ಟಿತು.

1964ರ ಶರತ್ಕಾಲದಲ್ಲಿ ಒಂದು ವಾರಪತ್ರಿಕೆ ಗೆನ್‌ಕಿಚಿಯ ಫೋಟೊ ಹಾಕಿತು. ಮನೆಯ ಮುಂದೆ ಕೂತು, ಹಲ್ಲಿನಲ್ಲಿ ದಾರ ಕಚ್ಚಿ ಬಲೆ ಸರಿಮಾಡುತ್ತಿರುವ ಮುದುಕ. ಕೆಳಗೆ, ಶಿಯೋಮಿ ಕಯೊಳ ಸತ್ತ ತಂದೆ ಎಂಬ ಸಾಲು. ಚೋಕಾಯ್ ಬೆಟ್ಟ ಹತ್ತಲು ಹೋದ ಪ್ರವಾಸಿಯೊಬ್ಬ ತೆಗೆದ ಫೋಟೊ. ಒಂದೇ ವಾರದಲ್ಲಿ ಅಂಗಡಿಗಳು ಅವಳ ರೆಕಾರ್ಡುಗಳನ್ನು ಕಿಟಕಿಯಿಂದ ತೆಗೆದವು. ಸಿದ್ಧವಾಗಿದ್ದ ಚಿತ್ರವನ್ನು ಕಂಪನಿ ತಡೆಹಿಡಿಯಿತು. ಹೊಕ್ಕಾಯ್ದೋದ ವಿಧವೆಯೊಬ್ಬಳು, ಐದು ವರ್ಷದಿಂದ ನಾನು ನಿಮಗೆ ಬರೆದ ಪತ್ರಗಳನ್ನು ವಾಪಸ್ ಕಳಿಸಿಬಿಡಿ, ಅವು ನಿಮ್ಮ ಮನೆಯಲ್ಲಿರುವುದು ನನಗೆ ಇಷ್ಟವಿಲ್ಲ ಎಂದು ಬರೆದಳು. ಕಯೊ ಅವನ್ನು ಹುಡುಕಿ, ದಿನಾಂಕದ ಪ್ರಕಾರ ಜೋಡಿಸಿ, ರೇಷ್ಮೆ ದಾರದಲ್ಲಿ ಕಟ್ಟಿ ಕಳಿಸಿದಳು.

ಮೊಮೊಸೆ ಸಭೆ ಕರೆದರು. ಚಿಕ್ಕ ವಯಸ್ಸಿನಲ್ಲಿ ತಿಳಿಯದೆ ಸುಳ್ಳು ಹೇಳಿದೆ, ಕಂಪನಿಗೂ ಮೋಸ ಮಾಡಿದೆ ಎಂದು ಕಯೊ ಪತ್ರಕರ್ತರ ಮುಂದೆ ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು. ಆ ಕೋಣೆಯಲ್ಲಿ ಒಂಬತ್ತು ಜನರಿದ್ದರು. ನಿಜ ಗೊತ್ತಿದ್ದವರು ಮೊಮೊಸೆ, ಕಯೊ ಮತ್ತು ನಾನು. ಕಯೊ ಒಂದು ಸಲ ನನ್ನತ್ತ ನೋಡಿದಳು. ನಾನು ಮುಂದಿದ್ದ ಕಾಗದದ ಮೂಲೆ ಮಡಚುತ್ತಿದ್ದೆ.

ಕ್ಷಮೆಯ ದಿನ ಅವಳು ಕಪ್ಪು ಬಟ್ಟೆ ತೊಟ್ಟು ಬಂದು, ತಲೆ ಬಾಗಿಸಿ, ಬಹಳ ಹೊತ್ತು ಎತ್ತಲೇ ಇಲ್ಲ. ಈ ಕತೆ ಕಟ್ಟಿದವರು ಯಾರು ಎಂದು ಒಬ್ಬ ವರದಿಗಾರ ಕೇಳಿದ. ನಾನೇ ಎಂದಳು. ಬಾಗಿಲ ಪಕ್ಕದ ಗೋಡೆಗೊರಗಿ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಕ್ಷಮೆಯಿಂದ ಏನೂ ತಣ್ಣಗಾಗಲಿಲ್ಲ. ಹಾಡಿಗೋಸ್ಕರ ಹೆತ್ತ ಅಪ್ಪನನ್ನೇ ಕೊಂದವಳು ಎಂದು ಪತ್ರಿಕೆಗಳು ಇನ್ನೂ ಜೋರಾಗಿ ಬರೆದವು.

ಆಗ ಗೆನ್‌ಕಿಚಿ ಎರಡನೆಯ ಸಲ ಟೋಕಿಯೋಗೆ ಬಂದರು. ಉಎನೊ ನಿಲ್ದಾಣದ ಹತ್ತಿರದ ಒಂದು ಸಣ್ಣ ವಸತಿಗೃಹದಿಂದ ನನಗೆ ಹೇಳಿಕಳಿಸಿದರು. ಹೋದೆ. ಅವರು ಮುಪ್ಪಾಗಿದ್ದರು, ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಪತ್ರಿಕೆಯವರ ಹತ್ತಿರ ಮಾತಾಡಬೇಕು, ವ್ಯವಸ್ಥೆ ಮಾಡಿ ಎಂದರು. ಏನು ಹೇಳುತ್ತೀರಿ ಎಂದೆ. ಅದನ್ನೇ ಕೇಳಲು ಕರೆಸಿದೆ ಎಂದರು.

"ಈ ಕತೆ ಶುರು ಮಾಡಿದ್ದು ಅವ್ಳಲ್ಲ ಅಂತ ಗೊತ್ತಾದ್ರೆ ಜನ ಅವ್ಳನ್ನ ಬಿಟ್ಬಿಡ್ತಾರಾ?"

ಬಿಡಬಹುದು ಎಂದೆ.

ಅವರು ನನ್ನ ಮುಖ ನೋಡುತ್ತ ಕಾದರು. ಹೊರಗೆ ಟ್ರಾಮ್ ಬಂದು ನಿಂತು ಹೊರಟಿತು. ಅವರು ಕಾಯುತ್ತಿದ್ದದ್ದು ಏನಕ್ಕೆಂದು ನನಗೆ ಚೆನ್ನಾಗಿ ತಿಳಿದಿತ್ತು. ನಾನು ಕಂಪನಿಯ ನಿಯಮಗಳ ಬಗ್ಗೆ ಮಾತಾಡತೊಡಗಿದೆ. ಪ್ರಚಾರ ವಿಭಾಗದವನ ಹೆಸರು ಹೊರಗೆ ಬಂದರೆ ಉಳಿದ ಕಲಾವಿದರ ಮೇಲೂ ಅನುಮಾನ ಬರುತ್ತದೆ, ಕಯೊಗೇ ಇನ್ನಷ್ಟು ಹಾನಿಯಾಗುತ್ತದೆ ಎಂದೆಲ್ಲ ಹೇಳಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನಿಮ್ಗೆ ಮಗು ಆಗಿದ್ಯಂತೆ."

"ಹೌದು. ಮೂರು ವರ್ಷ."

"ಹೆಣ್ಣಾ?"

"ಹೆಣ್ಣು."

ತಲೆಯಾಡಿಸಿದರು. "ಹಂಗಾದ್ರೆ ಬರ್ಕೊಳಿ. ನಾನು ಕುಡುಕ. ದಿನಾ ಹೊಡೀತಿದ್ದೆ. ಅವ್ಳು ಮನೆ ಬಿಟ್ಟು ಹೊರಡೋವಾಗ, ನಿನ್ ಪಾಲಿಗೆ ನಾನು ಸತ್ತೆ ಹೋಗು ಅಂದೆ. ಅದಕ್ಕೇ ಅವ್ಳು ಹಂಗ್ ಹೇಳಿದ್ಲು."

ನಾನು ಬರೆದೆ. ಬರೆದದ್ದಷ್ಟೇ ಅಲ್ಲ, ತಿದ್ದಿದೆ. ಬೆನ್ನ ಮೇಲೆ ಬರೆ ಎಳೆದಿದ್ದೆ ಎಂದು ಸೇರಿಸಿದರೆ ಹೇಗೆ ಎಂದೆ. ಬೇಡ, ಒಂದು ಚಿತ್ರದ ಸ್ನಾನದ ದೃಶ್ಯದಲ್ಲಿ ಅವಳ ಬೆನ್ನನ್ನು ಊರೆಲ್ಲ ನೋಡಿದೆ, ಅಲ್ಲಿ ಗುರುತಿಲ್ಲ ಎಂದರು. ಅವರಿಗೆ ಅಷ್ಟು ನೆನಪಿತ್ತು. ಓದಲು ಬಾರದ್ದರಿಂದ ಬಾಯಿಪಾಠ ಮಾಡಿದರು. ನಾನು ಒಂದೊಂದು ಸಾಲು ಹೇಳಿಕೊಟ್ಟೆ. ಎಂದೂ ಕುಡಿಯದ ಮನುಷ್ಯ ವಸತಿಗೃಹದವಳಿಂದ ಒಂದು ಬಟ್ಟಲು ಸಾಕೆ ಹೆಂಡ ತರಿಸಿ, ಬಾಯಿ ಮುಕ್ಕಳಿಸಿ, ಉಳಿದದ್ದನ್ನು ಕೋಟಿನ ಕೊರಳಪಟ್ಟಿಗೆ ಸುರಿದುಕೊಂಡರು.

ಪತ್ರಿಕಾಗೋಷ್ಠಿ ಇಟ್ಟಿದ್ದ ಜಾಗ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ನಡೆದೇ ಹೋದೆವು. ಪಾಠ ಒಪ್ಪಿಸುವ ಮಗುವಿನ ಹಾಗೆ ಅವರು ತುಟಿಯಲ್ಲೇ ಆ ಸಾಲುಗಳನ್ನು ಹೇಳಿಕೊಳ್ಳುತ್ತ ನಡೆದರು. 'ಪಶ್ಚಾತ್ತಾಪ' ಎಂಬ ಕಡೆ ಎರಡು ಸಲ ತಡವರಿಸಿದರು. ನಾನು ತಿದ್ದಿದೆ. ನಿಲ್ಲಿ, ವಾಪಸ್ ಹೋಗೋಣ, ನಾನೇ ಹೇಳುತ್ತೇನೆ ಎನ್ನಲು ಹದಿನೈದು ನಿಮಿಷ ಬೇಕಾದಷ್ಟಾಯಿತು. ಹಾದಿಯಲ್ಲಿ ಒಲಿಂಪಿಕ್ಸ್‌ನ ಬಾವುಟಗಳು ಇನ್ನೂ ಹಾಗೇ ಇದ್ದವು. ಅವನ್ನು ನೋಡುತ್ತ ನಡೆದೆ, ಅಷ್ಟೆ.

ಅವರು ಚೆನ್ನಾಗಿ ಹೇಳಿದರು. ಪತ್ರಕರ್ತರು ಮೂಗು ಮುಚ್ಚಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ಅವರ ಮುಖ ದೊಡ್ಡದಾಗಿ ಬಂತು. ಹದಿನೈದು ದಿನದಲ್ಲಿ ಗಾಳಿ ತಿರುಗಿತು. ಇಂಥ ಅಪ್ಪನ ಕೈಯಲ್ಲಿ ಸಿಕ್ಕಿದ ಹುಡುಗಿ ಇನ್ನೇನು ಹೇಳಿಯಾಳು ಎಂದು ಜನ ಮರುಗಿದರು. ತಡೆಹಿಡಿದ ಚಿತ್ರ ಬಿಡುಗಡೆಯಾಯಿತು, ಓಡಿತು.

ಗೋಷ್ಠಿ ನಡೆದಾಗ ಕಯೊ ಚಿತ್ರೀಕರಣಕ್ಕೆಂದು ಕ್ಯೋಟೋದಲ್ಲಿದ್ದಳು. ಪತ್ರಿಕೆ ಓದಿದ ದಿನವೇ ರೈಲು ಹತ್ತಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಮುಖದ ಬಣ್ಣ ಕೂಡ ಪೂರ್ತಿ ತೊಳೆದುಕೊಂಡಿರಲಿಲ್ಲ. ದನಿ ಏರಿಸಲಿಲ್ಲ.

"ನಮ್ಮಪ್ಪನ ಬಾಯಲ್ಲಿ ಪಶ್ಚಾತ್ತಾಪ ಅನ್ನೋ ಮಾತು ಬರಲ್ಲ. ಅದು ನಿಮ್ಮ ಮಾತು."

ನಾನು ಎದ್ದು ನಿಂತೆ.

"ಅವ್ರು ನನ್ನ ಮೇಲೆ ಒಂದಿನ ಕೈ ಎತ್ತಿಲ್ಲ. ಹಾಗಂತ ಈಗ ಹೇಳ್ಬೇಕಾದ್ರೆ, ಅಪ್ಪ ಸುಳ್ಳುಗಾರ ಅನ್ಬೇಕು. ಅದಕ್ಕೂ ದಾರಿ ಇಟ್ಟಿಲ್ಲ ನೀವು. ಮೊದಲ್ನೇ ಸಲ ಸಾಯಿಸಿದ್ರಲ್ಲ, ಆಗ ಅವ್ರಿಗೆ ಒಳ್ಳೇ ಹೆಸರಾದ್ರೂ ಇತ್ತು."

ನಾನು ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ಎಂದಿದ್ದರೂ ಅದು ಅವಳಿಗೆ ಕೇಳಿಸುವಷ್ಟು ಇರಲಿಲ್ಲ.

ಎರಡು ವರ್ಷ ಅವಳು ಹಾಡಲಿಲ್ಲ. ಗಂಟಲ ತೊಂದರೆ ಎಂದು ನಾವು ಪ್ರಕಟಿಸಿದೆವು. ಒಪ್ಪಂದದಲ್ಲಿದ್ದ ಚಿತ್ರಗಳನ್ನು ಮುಗಿಸಿಕೊಟ್ಟಳು. ನನ್ನ ಜೊತೆ ಕೆಲಸದ ಮಾತು ಮಾತ್ರ. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂದು ಚಿತ್ರಮಂದಿರಗಳು ಖಾಲಿಯಾಗತೊಡಗಿದ್ದವು. 1971ರಲ್ಲಿ ನಮ್ಮ ಸ್ಟುಡಿಯೋ ಮುಚ್ಚಿತು. ಅವಳು ಬಿಸಿನೀರಿನ ಬುಗ್ಗೆಯ ಊರುಗಳ ವೇದಿಕೆಗಳಲ್ಲಿ ಹಾಡುತ್ತ, ಟಿವಿಯಲ್ಲಿ ಅಕ್ಕನ, ಅತ್ತಿಗೆಯ ಪಾತ್ರ ಮಾಡುತ್ತ ಬದುಕಿದಳು.

ಗೆನ್‌ಕಿಚಿಯ ಊರಿನವರಿಗೆ ಸತ್ಯ ಗೊತ್ತಿತ್ತು. ಆದರೆ ಮೀನು ಮಾರಬೇಕಾದದ್ದು ಸಕಾತಾದಲ್ಲಿ. ಅಲ್ಲಿನ ಮಾರುಕಟ್ಟೆಯ ಹೆಂಗಸರು ಅವರ ಬುಟ್ಟಿಯಿಂದ ಮುಖ ತಿರುಗಿಸಿದರು. ಒಬ್ಬಳು ಕಾಲ ಬುಡದಲ್ಲಿ ಉಗಿದಳಂತೆ. ಆಮೇಲೆ ಅವರ ಮೀನನ್ನು ಒತಾಕಿಯೇ ಹೊತ್ತು ಮಾರಿದಳು. ಇದೆಲ್ಲ ನನಗೆ ತಿಳಿದದ್ದು ಅವರು ಸತ್ತ ಮೇಲೆ. 1972ರ ಮಾರ್ಚಿನಲ್ಲಿ, ಹೊಟ್ಟೆಯ ಹುಣ್ಣಿನಿಂದ, ಮನೆಯಲ್ಲೇ, ಹಾಸಿಗೆಯಲ್ಲಿ ಸತ್ತರು. ಕೊನೆಯ ಮೂರು ವಾರ ಕಯೊ ಪಕ್ಕದಲ್ಲೇ ಇದ್ದಳು.

ನಲವತ್ತೊಂಬತ್ತನೆಯ ದಿನದ ಕಾರ್ಯಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಹೋದೆ. ಪೂಜೆ ಮುಗಿದು, ದೇವಾಲಯದ ಪಡಸಾಲೆಯಲ್ಲಿ ಊರಿನವರು ಎರಡು ಸಾಲಾಗಿ ಊಟಕ್ಕೆ ಕೂತಿದ್ದಾಗ ನಾನು ಎದ್ದು ನಿಂತೆ. ಹೆಸರು ಹೇಳಿಕೊಂಡೆ. ಗೆನ್‌ಕಿಚಿ ಕಡಲಿನಲ್ಲಿ ಸತ್ತರೆಂಬ ಸುಳ್ಳು ನನ್ನದು, ಕುಡುಕರೆಂದು ಅವರೇ ಹೇಳಿದ ಮಾತನ್ನು ಬರೆದುಕೊಟ್ಟವನೂ ನಾನು, ಎರಡಕ್ಕೂ ಕಯೊ ಹೊಣೆಯಲ್ಲ ಎಂದೆ. ಹೇಳಿ ನೆಲಕ್ಕೆ ಹಣೆ ಹಚ್ಚಿದೆ. ಯಾರೂ ಬೈಯಲಿಲ್ಲ. ಸಾರು ಕುಡಿಯುತ್ತಿದ್ದ ಒಬ್ಬ ಮುದುಕ ಬಟ್ಟಲು ಕೆಳಗಿಟ್ಟ. ಒತಾಕಿ ಮಾತ್ರ ಬಾಯಿಬಿಟ್ಟಳು.

"ನಮಗ್ ಗೊತ್ತಿರೋದನ್ನೇ ನಮಗ್ ಹೇಳೋಕೆ ಇಷ್ಟು ದೂರ ಬಂದ್ರಾ? ಗೊತ್ತಿಲ್ದೋರಿಗೆ ಹೋಗಿ ಹೇಳಿ."

ಕಯೊ ಬಾಗಿಲವರೆಗೆ ಬಂದಳು. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಅವಳಿಗೆ ಆಗ ಮೂವತ್ತಮೂರು. ಬಣ್ಣವಿಲ್ಲದ ಮುಖದಲ್ಲಿ ಅಪ್ಪನ ದವಡೆ ಎದ್ದು ಕಾಣುತ್ತಿತ್ತು.

"ಅವತ್ತು ಕ್ಯಾಂಟೀನಲ್ಲಿ ನಾನು ತಲೆ ಎತ್ತಿ, ಇಲ್ಲ, ನಮ್ಮಪ್ಪ ಇದಾರೆ ಅನ್ಬಹುದಿತ್ತು. ಅನ್ನಲಿಲ್ಲ. ಮುಂದೆ ಪಾತ್ರ ಸಿಗಲ್ಲ ಅಂತ ಹೆದರಿದೆ. ಅದು ನಂದು, ಅದನ್ನ ನಿಮಗೆ ಕೊಡಲ್ಲ. ಉಳಿದದ್ದು ನಿಮ್ದು. ಅದನ್ನ ಇಲ್ಲಿ ಬಿಟ್ಟು ಹೋಗ್ಬೇಡಿ, ತಗೊಂಡ್ ಹೋಗಿ."

ಟೋಕಿಯೋಗೆ ಬಂದು ಗೊತ್ತಿಲ್ಲದವರಿಗೆ ಹೇಳಲು ಹೊರಟೆ. ಅದು ನಾನೆಂದುಕೊಂಡಷ್ಟು ಸುಲಭವಿರಲಿಲ್ಲ. ಫೋಟೊ ಹಾಕಿದ್ದ ವಾರಪತ್ರಿಕೆ ನಿಂತುಹೋಗಿತ್ತು. ನಾಲ್ಕು ಕಡೆ ಅಲೆದೆ. ಹಳೆಯ ಸ್ಟುಡಿಯೋದ ಹಳೆಯ ಸುಳ್ಳು ಯಾರಿಗೆ ಬೇಕು ಎಂದು ಸಂಪಾದಕರು ಕೇಳಿದರು. ಅವರಲ್ಲಿ ಒಬ್ಬ, ಶಿಯೋಮಿ ಕಯೊ ಅಂದರೆ ಯಾರು ಎಂದ. ಕೊನೆಗೆ ಒಂದು ದಿನಪತ್ರಿಕೆಯ ಓದುಗರ ಪುಟದಲ್ಲಿ, ಹಲ್ಲುನೋವಿನ ಔಷಧಿಯ ಜಾಹೀರಾತಿನ ಮೇಲೆ, ಆರು ಸಾಲು ಅಚ್ಚಾಯಿತು. ನನ್ನ ಪೂರ್ತಿ ಹೆಸರು ಹಾಕಿ ಎಂದು ಪಟ್ಟುಹಿಡಿದಿದ್ದೆ, ಹಾಕಿದರು. ಅದನ್ನು ಓದಿದವರು ಯಾರಾದರೂ ಸಕಾತಾದ ಮಾರುಕಟ್ಟೆಗೆ ಹೋಗುವವರಾಗಿದ್ದರೋ ಇಲ್ಲವೋ ನನಗೆ ತಿಳಿಯದು. ಆ ತುಣುಕನ್ನು ಕಯೊಗೆ ಕಳಿಸಿದೆ. ಉತ್ತರ ಬರಲಿಲ್ಲ.

ನನಗೀಗ ಎಂಬತ್ತು ದಾಟಿದೆ. ಮಗಳಿಗೆ ಒಂದು ಭಾನುವಾರ ಇದನ್ನೆಲ್ಲ ಹೇಳಿದೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರಲ್ಲವಾ ಅಪ್ಪ ಎಂದು ಅವಳು ಸಮಾಧಾನಕ್ಕೆ ಕೇಳಿದಳು. ಮಾಡುತ್ತಿದ್ದರು, ಹೌದು. ಆದರೆ ಆ ವಸತಿಗೃಹದ ಕೋಣೆಯಲ್ಲಿ ಎಲ್ಲರೂ ಇರಲಿಲ್ಲ. ನನಗೊಂದು ಹೆಣ್ಣು ಮಗುವಿದೆಯೆಂದು ಕೇಳಿ ತಿಳಿದುಕೊಂಡು ನನ್ನನ್ನು ಬಿಟ್ಟುಬಿಟ್ಟ ಮನುಷ್ಯ ಒಬ್ಬರೇ ಇದ್ದರು. ಆ ಮಗು ನೀನು ಎಂದು ಅವಳಿಗೆ ಹೇಳಬೇಕೆಂದಿದ್ದೆ. ಅವಳಿಗೆ ಅರ್ಥವಾಗಿರಬೇಕು, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು.

ಕಯೊ ಈಗಲೂ ಟಿವಿಯಲ್ಲಿ ಅಜ್ಜಿಯ ಪಾತ್ರಗಳಲ್ಲಿ ಬರುತ್ತಾಳೆ. ತನ್ನ ಊರಿನ ಕಡೆಯ ಮಾತನ್ನೇ ಆಡುತ್ತಾಳೆ, ಜನ ಅದಕ್ಕಾಗಿಯೇ ಅವಳನ್ನು ಇಷ್ಟಪಡುತ್ತಾರೆ. 1973ರಿಂದ ಪ್ರತಿ ಹೊಸ ವರ್ಷಕ್ಕೆ ಅವಳಿಂದ ನನಗೆ ಒಂದು ಶುಭಾಶಯದ ಕಾರ್ಡು ಬರುತ್ತದೆ. ಪರಿಚಯದವರಿಗೆಲ್ಲ ಕಳಿಸುವ ಅಚ್ಚಾದ ಕಾರ್ಡು, ಅಚ್ಚಾದ ಹೆಸರು. ಕೈಬರಹದ ಒಂದು ಅಕ್ಷರವೂ ಇರುವುದಿಲ್ಲ. ನನ್ನ ವಿಳಾಸ ಮೂರು ಸಲ ಬದಲಾಯಿತು, ನಾನು ತಿಳಿಸಿರಲಿಲ್ಲ. ಆದರೂ ಕಾರ್ಡು ತಪ್ಪಲಿಲ್ಲ. ಅದು ಕ್ಷಮೆಯೋ, ಮರೆಯಬೇಡ ಎಂಬ ಎಚ್ಚರಿಕೆಯೋ ನನಗೆ ಗೊತ್ತಾಗಿಲ್ಲ. ಕೇಳುವ ಹಕ್ಕು ನನಗಿಲ್ಲ. ಜನವರಿಯ ಮೊದಲ ದಿನ ಅಂಚೆಪೆಟ್ಟಿಗೆಯಿಂದ ಅದನ್ನು ತೆಗೆದು, ಎರಡೂ ಬದಿ ನೋಡಿ, ಹಿಂದಿನವುಗಳ ಮೇಲೆ ಇಡುತ್ತೇನೆ.